ಮಲಗಿದವರ ಕಾವಲು: ಮನೆಯ ಅಗ್ನಿಶೋಧಕಗಳ ಚರಿತ್ರೆ

ಮನೆಯೊಳಗೆ ಹೊಗೆಯಾಡಿದರೆ ಅದರ ವಾಸನೆಗೇ ಎಚ್ಚರವಾಗುತ್ತದೆಂದು ಬಹುಮಂದಿ ನಂಬಿರುತ್ತಾರೆ. ಆ ನಂಬಿಕೆಗೆ ಆಧಾರವಿಲ್ಲ. ಗಾಢನಿದ್ರೆಯಲ್ಲಿ ಶ್ರವಣೇಂದ್ರಿಯವು ಅಷ್ಟಿಷ್ಟು ಜಾಗೃತವಾಗಿ ಉಳಿದುಕೊಂಡು ದೊಡ್ಡ ಸದ್ದಿಗೆ ಓಗೊಡುವುದೇ ಹೊರತು, ಘ್ರಾಣೇಂದ್ರಿಯವು ಬಹುಮಟ್ಟಿಗೆ ತನ್ನ ವ್ಯಾಪಾರವನ್ನು ನಿಲ್ಲಿಸಿಬಿಡುತ್ತದೆ; ಇದು ಸಾಲದೆಂಬಂತೆ, ಹೊಗೆಯೊಡನೆ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವನ ನಿದ್ರೆಯನ್ನು ಕೆಡಿಸದೆ ಅದನ್ನು ಇನ್ನಷ್ಟು ಆಳಗೊಳಿಸುವುದೇ ಅದರ ಸ್ವಭಾವ. ಮನೆಗೆ ಹತ್ತಿದ ಬೆಂಕಿಯಲ್ಲಿ ಪ್ರಾಣ ಕಳೆದುಕೊಳ್ಳುವವರಲ್ಲಿ ಬಹುಪಾಲು ಜನರನ್ನು ಕೊಲ್ಲುವುದು ಜ್ವಾಲೆಯಲ್ಲ, ಹೊಗೆ. ಆದುದರಿಂದ ಊರು ಕಟ್ಟಿಕೊಂಡು ಬಾಳಲಾರಂಭಿಸಿದಂದಿನಿಂದಲೂ ಮನುಷ್ಯನು, ತಾನು ಕಣ್ಣು ಮುಚ್ಚಿದ ಹೊತ್ತಿನಲ್ಲಿ ತನಗಾಗಿ ಕಣ್ಣು ತೆರೆದಿರುವವನೊಬ್ಬನನ್ನು ಹುಡುಕುತ್ತಲೇ ಬಂದಿದ್ದಾನೆ. ಮಲಗುವ ಕೋಣೆಯ ಮೇಲ್ಚಾವಣಿಗೆ ಅಂಟಿಕೊಂಡಿರುವ ಅಂಗೈಯಗಲದ ಬಿಳಿಯ ಬಿಲ್ಲೆ ಆ ಹುಡುಕಾಟದ ಇತ್ತೀಚಿನ ಫಲ. ಅದರ ಹಿಂದಿರುವ ಚರಿತ್ರೆಯನ್ನು ಬಲ್ಲವನಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಶತಮಾನಗಳ ಕಾಲ ಈ ಕಾವಲು ನಡೆದದ್ದು ಮುಖ್ಯವಾಗಿ ಸೊತ್ತಿಗಾಗಿ, ಸರಕಿಗಾಗಿ, ಕಟ್ಟಡಕ್ಕಾಗಿ, ಅದು ಮಲಗಿದ ಮನುಷ್ಯನ ಕಡೆಗೆ ಮುಖ ತಿರುಗಿಸಿದ್ದು ಈಚಿನ ಅರ್ಧ ಶತಮಾನದಲ್ಲಿ. ಇದನ್ನರಿಯದೆ ಮನೆಗೆ ಅಗ್ನಿಶೋಧಕಗಳನ್ನು ಆರಿಸಹೊರಟವನು ಗೋದಾಮಿಗೆ ತಕ್ಕ ಯಂತ್ರವನ್ನು ತನ್ನ ಮಕ್ಕಳ ಕೋಣೆಗೆ ತಂದಿಡುವ ಸಂಭವ ಬಹಳವಾಗಿದೆ.

ಪ್ರಾಚೀನರ ಕಾವಲು ಕಾಲಾಳಿನದು. ಕ್ರಿ. ಶ. 6ರಲ್ಲಿ ರೋಮಿನ ಚಕ್ರವರ್ತಿ ಅಗಸ್ಟಸನು ವಿಜಿಲೀಸ್ ಎಂಬ ರಾತ್ರಿಪಹರೆಯ ಪಡೆಯೊಂದನ್ನು ಸ್ಥಾಪಿಸಿ, ಅದರ ಏಳು ದಳಗಳಿಗೆ ನಗರದ ಹದಿನಾಲ್ಕು ವಿಭಾಗಗಳನ್ನು ಎರಡೆರಡರಂತೆ ಹಂಚಿಕೊಟ್ಟನು. ಬೀದಿ ಬೀದಿ ಸುತ್ತುತ್ತ ಬೆಂಕಿಯನ್ನೂ ಕಳ್ಳರನ್ನೂ ಒಟ್ಟಿಗೇ ಕಾಯುವುದು ಅವರ ಕರ್ತವ್ಯವಾಗಿದ್ದಿತು. ಇಂದಿನ ಮನೆಗಳಲ್ಲಿ ಕಳ್ಳರ ಅಲಾರಮೂ ಬೆಂಕಿಯ ಅಲಾರಮೂ ಒಂದೇ ಪೆಟ್ಟಿಗೆಯೊಳಗೆ ಸೇರಿಕೊಂಡಿರುವುದನ್ನು ಕಂಡಾಗ ಈ ಜೋಡಿ ಎಷ್ಟು ಹಳೆಯದೆಂಬುದು ನೆನಪಾಗುತ್ತದೆ. ತರುವಾಯ ಕಾವಲುಗಾರನು ಬೀದಿಯಿಂದ ಗೋಪುರಕ್ಕೇರಿದನು. 1657ರ ಮಹಾಗ್ನಿಯಲ್ಲಿ ಬಹುಭಾಗ ಬೂದಿಯಾದ ಜಪಾನಿನ ಎಡೊ ನಗರದಲ್ಲಿ, ಅದರ ಮರುವರ್ಷವೇ ಕಾವಲು ಗೋಪುರಗಳೊಡನೆ ಕೂಡಿದ ಅಗ್ನಿಶಾಮಕ ಠಾಣೆಗಳು ತಲೆಯೆತ್ತಿದವು. ಇಸ್ತಾಂಬುಲಿನಲ್ಲಿ 1828ರಲ್ಲಿ ಕಲ್ಲಿನಿಂದ ಕಟ್ಟಿದ ಬೆಯಾಜಿತ್ ಗೋಪುರದ ತುದಿಯಲ್ಲಿ ನಿಂತವರು ಬೆಂಕಿಯ ಸುದ್ದಿಯನ್ನು ಹಗಲು ಬುಟ್ಟಿಗಳನ್ನು ತೂಗಹಾಕಿಯೂ ಇರುಳು ದೀಪಗಳನ್ನು ತೋರಿಸಿಯೂ ಊರಿಗೆ ಸಾರುತ್ತಿದ್ದರು. ಇವರೆಲ್ಲರ ನಿಷ್ಠೆಗೆ ತಲೆಬಾಗಬೇಕಾದದ್ದೇ. ಆದರೆ ಗೋಪುರದ ಮೇಲಿನ ಕಣ್ಣಿಗೆ ಬೆಂಕಿ ಕಾಣುವುದು ಅದು ಮಾಡನ್ನು ಸೀಳಿಕೊಂಡು ಹೊರಬಂದ ಮೇಲೆ. ಅಷ್ಟು ಹೊತ್ತಿಗೆ ಆ ಮಾಡಿನ ಕೆಳಗೆ ಮಲಗಿದ್ದವರ ಗತಿ ನಿರ್ಧಾರವಾಗಿಹೋಗಿರುತ್ತದೆ. ಗೋಪುರವು ಕಾಯುತ್ತಿದ್ದುದು ಬೆಂಕಿ ಹತ್ತಿದ ಮನೆಯನ್ನಲ್ಲ, ಅದರ ಪಕ್ಕದ ಮನೆಗಳನ್ನು.

ಸುದ್ದಿಯನ್ನು ಮುಟ್ಟಿಸುವ ಕಾರ್ಯವನ್ನು ವಿದ್ಯುತ್ತಿಗೆ ಒಪ್ಪಿಸಿದ ಮೊದಲ ನಗರ ಅಮೆರಿಕದ ಬಾಸ್ಟನ್. ಅಲ್ಲಿಯ ವೈದ್ಯ ವಿಲಿಯಂ ಫ್ರಾನ್ಸಿಸ್ ಚಾನಿಂಗ್ ಎಂಬವನು, ಮೋರ್ಸನ ತಂತಿವಾರ್ತೆ ಬಳಕೆಗೆ ಬಂದ ಮರುವರ್ಷವೇ, ಅಂದರೆ 1845ರಲ್ಲಿ, ತಂತಿಯ ಮೂಲಕ ಬೆಂಕಿಯ ವಾರ್ತೆಯನ್ನು ಕಳುಹಿಸುವ ಯೋಜನೆಯೊಂದನ್ನು ವೃತ್ತಪತ್ರಿಕೆಯಲ್ಲಿ ಪ್ರಕಟಿಸಿದನು. ಮೋಸೆಸ್ ಫಾರ್ಮರ್ ಎಂಬ ಕುಶಲ ಯಂತ್ರಜ್ಞನ ನೆರವು ದೊರೆತು, ನಗರಸಭೆ ಹಣ ಮಂಜೂರು ಮಾಡಿ, ತಂತಿಗಳನ್ನೆಳೆದು, ಬೀದಿಯ ಮೂಲೆಗಳಲ್ಲಿ ಪೆಟ್ಟಿಗೆಗಳನ್ನು ಜೋಡಿಸಿ ಮುಗಿಸುವ ವೇಳೆಗೆ 1852ರ ಏಪ್ರಿಲ್ ತಿಂಗಳ ಕೊನೆಯಾಗಿದ್ದಿತು. ಬೆಂಕಿಯನ್ನು ಕಂಡ ನಾಗರಿಕನು ಹತ್ತಿರದ ಪೆಟ್ಟಿಗೆಗೆ ಓಡಿ ಅದರ ಹಿಡಿಕೆಯನ್ನು ತಿರುಗಿಸಿದರೆ, ಹಲ್ಲುಗಳುಳ್ಳ ಚಕ್ರವೊಂದು ವಿದ್ಯುನ್ಮಂಡಲವನ್ನು ಕಡಿದೂ ಕೂಡಿಸಿಯೂ ಆ ಪೆಟ್ಟಿಗೆಯ ಸಂಖ್ಯೆಯನ್ನು ಕೇಂದ್ರ ಕಚೇರಿಗೆ ತಿಳಿಸುತ್ತಿದ್ದಿತು. ಅಲ್ಲಿ ಹಗಲಿರುಳೂ ಕುಳಿತಿರುತ್ತಿದ್ದ ನೌಕರನು ಅದನ್ನೋದಿಕೊಂಡು ಇಗರ್ಜಿಗಳ ಗಂಟೆಗಳನ್ನು ತಂತಿಯ ಮೂಲಕವೇ ಬಾರಿಸಿ ಊರಿಗೆಲ್ಲ ಬೆಂಕಿಯ ದಿಕ್ಕನ್ನು ಸಾರುತ್ತಿದ್ದನು. ಗಾಬರಿಗೊಂಡ ಕೈ ಹಿಡಿಕೆಯನ್ನು ಅತಿವೇಗವಾಗಿ ತಿರುಗಿಸಿದರೆ ಸಂಕೇತವೇ ಕೆಡುತ್ತಿದ್ದುದರಿಂದ, ಒಮ್ಮೆ ಎಳೆದುಬಿಟ್ಟರೆ ತನ್ನ ವೇಗದಲ್ಲಿ ತಾನೇ ಸುತ್ತುವ ಸ್ಪ್ರಿಂಗಿನ ಯಂತ್ರ ಮುಂದೆ ಆ ಸ್ಥಾನಕ್ಕೆ ಬಂದಿತು. 1855ರಲ್ಲಿ ಚಾನಿಂಗನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಈ ವಿಷಯವಾಗಿ ಮಾಡಿದ ಉಪನ್ಯಾಸವನ್ನು ಕೇಳಿದವರಲ್ಲಿ ಜಾನ್ ಗೇಮ್‌ವೆಲ್ ಎಂಬ ಅಂಚೆ ಅಧಿಕಾರಿಯೊಬ್ಬನಿದ್ದನು. ಆತನು ಆ ಹಕ್ಕುಗಳನ್ನು ಕೊಂಡುಕೊಂಡು ಪೆಟ್ಟಿಗೆಗಳನ್ನು ಅಮೆರಿಕದ ಊರೂರಿಗೂ ಹಬ್ಬಿಸಿದನು. ಮನೆಯ ಅಲಾರಮನ್ನು ದೂರದ ಕೇಂದ್ರವೊಂದರಿಂದ ಕಾಯುವ ಇಂದಿನ ದೂರನಿಗಾ ವ್ಯವಸ್ಥೆಯ ಪ್ರಧಾನ ಲಕ್ಷಣಗಳಾದ ಸಂಕೇತಿಸುವ ಪೆಟ್ಟಿಗೆ, ಸಾಗಿಸುವ ತಂತಿ, ಸದಾ ಎಚ್ಚರವಾಗಿರುವ ಕೇಂದ್ರ ಎಂಬ ಮೂರೂ ಅಂದೇ ಪೂರ್ಣರೂಪದಲ್ಲಿ ಸಿದ್ಧವಾಗಿದ್ದವೆಂಬುದು ಆಶ್ಚರ್ಯಕರ.

ಕೊರತೆಯಿದ್ದುದು ಒಂದೇ: ಬೆಂಕಿಯನ್ನು ಮೊದಲು ಕಾಣುವ ಕಣ್ಣು ಇನ್ನೂ ಮನುಷ್ಯನದಾಗಿಯೇ ಉಳಿದಿದ್ದಿತು. ಅದರ ಫಲವನ್ನು ಎರಡು ನಗರಗಳು ಒಂದು ವರ್ಷದ ಅಂತರದಲ್ಲಿ ಅನುಭವಿಸಿದವು. 1871ರ ಅಕ್ಟೋಬರ್ 8ರ ರಾತ್ರಿ ಚಿಕಾಗೋ ನಗರದ ನ್ಯಾಯಾಲಯದ ಗೋಪುರದಲ್ಲಿ ಕಾವಲಿಗಿದ್ದ ಮಥಾಯಸ್ ಶಾಫರ್ ಎಂಬವನು ದೂರದಲ್ಲಿ ಬೆಳಕನ್ನು ಕಂಡನು. ಹಿಂದಿನ ರಾತ್ರಿಯ ಬೆಂಕಿಯ ಹೊಗೆ ನಡುವೆ ಕವಿದಿದ್ದುದರಿಂದ ದೂರದ ಅಂದಾಜು ತಪ್ಪಿ, ನಿಜವಾದ ಸ್ಥಳದಿಂದ ಸುಮಾರು ಒಂದು ಮೈಲಿಯಾಚೆಗಿನ 342ನೆಯ ಪೆಟ್ಟಿಗೆಯ ಸಂಕೇತವನ್ನು ಕೊಡುವಂತೆ ಕೆಳಗಿದ್ದ ತಂತಿ ನೌಕರನಿಗೆ ತಿಳಿಸಿದನು. ಸ್ವಲ್ಪ ಹೊತ್ತಿನಲ್ಲಿಯೇ ತನ್ನ ತಪ್ಪನ್ನರಿತು ಬೇರೊಂದು ಸಂಖ್ಯೆಯನ್ನು ಹೇಳಿದರೂ, ಎರಡು ಸಂಕೇತಗಳನ್ನು ಕೊಟ್ಟರೆ ದಳದವರು ಗೊಂದಲಕ್ಕೊಳಗಾದಾರೆಂದು ಆ ನೌಕರನು ಒಪ್ಪಲಿಲ್ಲ. ಸುಮಾರು ಮುನ್ನೂರು ಮಂದಿ ಸತ್ತು, ಒಂದು ಲಕ್ಷದಷ್ಟು ಜನ ನಿರ್ಗತಿಕರಾದ ಆ ಮಹಾಗ್ನಿಗೆ ಬರಗಾಲದ ಒಣಹವೆ, ಬಿರುಗಾಳಿ, ಮರದ ಕಟ್ಟಡಗಳು ಮುಂತಾದ ಕಾರಣಗಳು ಬಹಳವಿದ್ದರೂ, ಮೊದಲ ಗಳಿಗೆಯಲ್ಲಿ ನಷ್ಟವಾದ ಕಾಲವು ಅವುಗಳಲ್ಲಿ ಅಲ್ಪವಾದುದಲ್ಲ. ಮುಂದಿನ ವರ್ಷ, 1872ರ ನವೆಂಬರ್ 9ರಂದು, ಈ ವ್ಯವಸ್ಥೆಯ ತವರೂರಾದ ಬಾಸ್ಟನ್ನಿನಲ್ಲಿಯೇ 776 ಕಟ್ಟಡಗಳು ಸುಟ್ಟುಹೋದವು. ತುಂಟರು ಸುಮ್ಮಸುಮ್ಮನೆ ಸಂಕೇತ ಕೊಟ್ಟಾರೆಂಬ ಅಂಜಿಕೆಯಿಂದ ಅಲ್ಲಿ ಪೆಟ್ಟಿಗೆಗಳಿಗೆ ಬೀಗ ಹಾಕಿ, ಬೀಗದ ಕೈಯನ್ನು ಪೋಲೀಸರ ಮತ್ತು ಆಯ್ದ ಕೆಲವರ ವಶಕ್ಕೆ ಕೊಟ್ಟಿದ್ದರು. ಬೆಂಕಿಯನ್ನು ಕಂಡವರು ಬೀಗದ ಕೈಯುಳ್ಳವನನ್ನು ಹುಡುಕಬೇಕಾಯಿತು. ಸುಳ್ಳು ಸಂಕೇತದ ಭಯದಿಂದ ನಿಜವಾದ ಸಂಕೇತಕ್ಕೆ ಬೀಗ ಹಾಕುವ ಈ ದುರಂತವು ಅಂದಿಗೇ ಮುಗಿಯಲಿಲ್ಲ. ಒಗ್ಗರಣೆಯ ಹೊಗೆಗೆ ಕೂಗುತ್ತದೆಂದು ಶೋಧಕದ ಬ್ಯಾಟರಿಯನ್ನು ಕಿತ್ತಿಡುವ ಮನೆಗಳಲ್ಲಿ ಅದು ಈಗಲೂ ನಡೆಯುತ್ತಲೇ ಇದೆ.

ಈ ನಡುವೆ ಮನೆಯೊಳಕ್ಕೆ ತಂತಿಯನ್ನು ತಂದುದು ಬೆಂಕಿಯ ಭಯವಲ್ಲ, ಕಳ್ಳರ ಭಯ. ಬಾಸ್ಟನ್ನಿನ ಸಮೀಪದ ಸಾಮರ್‌ವಿಲ್‌ನ ಆಗಸ್ಟಸ್ ರಸೆಲ್ ಪೋಪ್ ಎಂಬವನು 1853ರಲ್ಲಿ, ಬಾಗಿಲನ್ನಾಗಲಿ ಕಿಟಕಿಯನ್ನಾಗಲಿ ತೆರೆದೊಡನೆ ಗಂಟೆ ಬಾರಿಸುವ ವಿದ್ಯುತ್ ಉಪಕರಣಕ್ಕೆ ಪೇಟೆಂಟ್ ಪಡೆದನು. 1857ರಲ್ಲಿ ಆ ಹಕ್ಕನ್ನು ಕೊಂಡ ಎಡ್ವಿನ್ ಹೋಮ್ಸ್ ಅದನ್ನು ನ್ಯೂಯಾರ್ಕಿಗೆ ಒಯ್ದು ಲಾಭದಾಯಕ ಉದ್ಯಮವನ್ನಾಗಿ ಬೆಳೆಸಿದನು. ಹೋಮ್ಸ್ ಮನೆತನದ ಬಾಸ್ಟನ್ ಕಚೇರಿಯ ಕಳ್ಳಗಾವಲಿನ ತಂತಿಗಳಿಗೇ 1877ರಲ್ಲಿ ಬೆಲ್ಲನ ದೂರವಾಣಿಗಳನ್ನು ಜೋಡಿಸಿ ನೋಡಲಾಯಿತು. ಪ್ರಪಂಚದ ಮೊದಲ ದೂರವಾಣಿ ವಿನಿಮಯ ಕೇಂದ್ರವೆಂದು ಹೆಸರಾದುದು ಅದೇ. ಷೇರುಪೇಟೆಯ ದರಗಳನ್ನು ಕಾಗದದ ಪಟ್ಟಿಯ ಮೇಲೆ ಮುದ್ರಿಸುವ ಯಂತ್ರವನ್ನು ಸೃಷ್ಟಿಸಿದ್ದ ಎಡ್ವರ್ಡ್ ಕ್ಯಾಲಹನ್ನನು, ನೆರೆಹೊರೆಯ ಮನೆಗಳನ್ನೆಲ್ಲ ಒಂದು ಕೇಂದ್ರಕ್ಕೆ ಜೋಡಿಸಿ, ಕರೆಪೆಟ್ಟಿಗೆಯ ಸಂಕೇತದಿಂದ ಪೋಲೀಸನನ್ನೋ ಅಗ್ನಿಶಾಮಕ ದಳವನ್ನೋ ಜವಾನನನ್ನೋ ಕರೆಸಿಕೊಳ್ಳುವ ಏರ್ಪಾಡನ್ನು ರೂಪಿಸಿದನು. ಇಂಥ ಅನೇಕ ಸಂಸ್ಥೆಗಳು 1874ರಲ್ಲಿ ಒಂದುಗೂಡಿ ಅಮೆರಿಕನ್ ಡಿಸ್ಟ್ರಿಕ್ಟ್ ಟೆಲಿಗ್ರಾಫ್ ಎಂಬ ಹೆಸರನ್ನು ತಳೆದವು. ಎ.ಡಿ.ಟಿ. ಎಂಬ ಮೂರಕ್ಷರದ ಫಲಕವನ್ನು ಅಮೆರಿಕದ ಮನೆಗಳ ಅಂಗಳದಲ್ಲಿ ಕಂಡಿರುವ ಕನ್ನಡಿಗರು ಬಹುಮಂದಿ ಇರಬಹುದು. ಅದರ ಮೂಲ ಈ ಕರೆಪೆಟ್ಟಿಗೆ.

ಯಂತ್ರಕ್ಕೆ ತಾನಾಗಿಯೇ ಬೆಂಕಿಯನ್ನು ಅರಿಯುವ ಶಕ್ತಿಯನ್ನು ಮೊದಲು ಕೊಟ್ಟುದು ಶಾಖ. ಅದು ಸಹಜವೇ, ಏಕೆಂದರೆ ಶಾಖಕ್ಕೆ ಕರಗುವ, ಹಿಗ್ಗುವ, ಬಾಗುವ ವಸ್ತುಗಳು ಹೇರಳವಾಗಿವೆ. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂಗಳನ್ನು ಬೆರೆಸಿ 1860ರಲ್ಲಿ ಬಾರ್ನಬಾಸ್ ವುಡ್ ತಯಾರಿಸಿದ ಮಿಶ್ರಲೋಹವು ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ, ಎಂದರೆ ಕುದಿಯುವ ನೀರಿಗಿಂತ ಎಷ್ಟೋ ಕಡಮೆ ಶಾಖದಲ್ಲಿ, ಕರಗುತ್ತದೆ. ಇಂಥ ಬೆಸುಗೆಯೊಂದು ಕರಗಿದಾಗ ನೀರು ಸುರಿಯುವ ಸ್ಪ್ರಿಂಕ್ಲರನ್ನು ನ್ಯೂಹೇವನ್ನಿನ ಹೆನ್ರಿ ಪಾರ್ಮಲಿ 1874ರಲ್ಲಿ ತನ್ನ ಪಿಯಾನೋ ಕಾರ್ಖಾನೆಯಲ್ಲಿ ಅಳವಡಿಸಿದನು. ಎಡಿಸನ್ನನ ಪ್ರಯೋಗಶಾಲೆಯಲ್ಲಿ ಗಣಿತಜ್ಞನಾಗಿದ್ದ ಫ್ರಾನ್ಸಿಸ್ ರಾಬಿನ್ಸ್ ಅಪ್ಟನ್ 1890ರಲ್ಲಿ ಫರ್ನಾಂಡೊ ಡಿಬಲ್ ಎಂಬವನೊಡನೆ ಸೇರಿ ವಿದ್ಯುತ್ ಅಗ್ನಿಸೂಚಕವೊಂದಕ್ಕೆ ಪೇಟೆಂಟ್ ಪಡೆದನು. 1902ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜಾರ್ಜ್ ಆಂಡ್ರೂ ಡಾರ್ಬಿ, ಶಾಖವು ಗೊತ್ತಾದ ಮಿತಿಯನ್ನು ಮೀರಿದೊಡನೆ ಬಿಡಿಯಾಗಿದ್ದ ಎರಡು ಲೋಹದ ತುದಿಗಳು ಕೂಡಿಕೊಂಡು ಗಂಟೆ ಬಾರಿಸುವ ಉಪಕರಣವನ್ನು ನಿರ್ಮಿಸಿದನು. ಆ ಕಾಲದಿಂದ ಈಚೆಗೆ ಶಾಖಶೋಧಕವು ಎರಡು ಕವಲಾಗಿ ಬೆಳೆಯಿತು: ಸಾಮಾನ್ಯವಾಗಿ 57 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ಕೂಗುವುದು ಒಂದು, ಮಿತಿಯೇನೇ ಇರಲಿ, ನಿಮಿಷಕ್ಕೆ 8 ಡಿಗ್ರಿಗಿಂತ ವೇಗವಾಗಿ ಶಾಖವೇರಿದರೆ ಕೂಗುವುದು ಮತ್ತೊಂದು.

ಇವುಗಳನ್ನು ಕೊಂಡವರು ಗಿರಣಿಯ ಮಾಲೀಕರು, ಕೊಳ್ಳುವಂತೆ ಒತ್ತಾಯಿಸಿದವರು ವಿಮಾ ಕಂಪನಿಗಳು. ಹತ್ತಿಯ ಮೂಟೆಗಳು, ಎಣ್ಣೆ ಹೀರಿದ ನೆಲಗಳು, ರಾತ್ರಿ ನಿರ್ಜನವಾಗುವ ವಿಶಾಲ ಕೋಣೆಗಳು ಇರುವಲ್ಲಿ, ಸಾವಿರ ಮೂಟೆಗಳಲ್ಲಿ ಹತ್ತು ಸುಟ್ಟು ಉಳಿದವು ಉಳಿದರೆ ಅದು ವಿಜಯವೇ. ಆದರೆ ಮಲಗುವ ಕೋಣೆಯ ಲೆಕ್ಕಾಚಾರ ಅದಲ್ಲ. ಹಾಸಿಗೆಯ ಮೂಲೆಯಲ್ಲಿ ಸಿಗರೇಟಿನ ತುಂಡೊಂದು ಬಿದ್ದು ಹತ್ತಿಯು ಗಂಟೆಗಟ್ಟಲೆ ಕಮರುತ್ತಿರುವಾಗ, ಕೋಣೆಯ ಶಾಖವು ಹೆಚ್ಚೇನೂ ಏರದಿರುವಾಗಲೇ ಅಲ್ಲಿಯ ಗಾಳಿ ಉಸಿರಾಡಲು ಯೋಗ್ಯವಲ್ಲದ್ದಾಗಿ ಹೋಗುತ್ತದೆ. ಶಾಖಶೋಧಕವು ತನ್ನ ಕರ್ತವ್ಯವನ್ನು ಲೋಪವಿಲ್ಲದೆ ಮಾಡಿಯೂ ಅಲ್ಲಿರುವವನನ್ನು ಉಳಿಸಲಾರದು. ಹೊಗೆಯನ್ನರಿಯುವ ಯಂತ್ರ ಬೇಕಾಗಿದ್ದಿತು.

ಅದು ದೊರೆತುದು ಬೇರೇನನ್ನೋ ಹುಡುಕುತ್ತಿದ್ದವರಿಗೆ. 1930ರ ದಶಕದ ಕೊನೆಯಲ್ಲಿ, ಯೂರೋಪಿನ ಮೇಲೆ ಎರಡನೆಯ ಮಹಾಯುದ್ಧದ ನೆರಳು ಕವಿಯುತ್ತಿದ್ದಾಗ, ಸ್ವಿಟ್ಜರ್ಲೆಂಡಿನ ಭೌತವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲವನ್ನು ಪತ್ತೆಹಚ್ಚುವ ಉಪಕರಣವನ್ನು ರಚಿಸಲು ಯತ್ನಿಸುತ್ತಿದ್ದನು. ಎರಡು ಲೋಹಫಲಕಗಳ ನಡುವಣ ಗಾಳಿಯನ್ನು ವಿಕಿರಣದಿಂದ ಅಯಾನುಗಳಾಗಿ ಒಡೆದರೆ ಅಲ್ಲಿ ಅತ್ಯಲ್ಪ ವಿದ್ಯುತ್ ಹರಿಯುತ್ತದೆ. ವಿಷಾನಿಲದ ಕಣಗಳು ಅದಕ್ಕೆ ಅಡ್ಡಿಯಾಗಿ ಪ್ರವಾಹ ಕುಗ್ಗಬೇಕೆಂಬುದು ಆತನ ತರ್ಕ. ಅನಿಲವನ್ನು ಬಿಟ್ಟುನೋಡಿದರೆ ಮಾಪಕದ ಮುಳ್ಳು ಅಲುಗಲೇ ಇಲ್ಲ. ನಿರಾಶನಾಗಿ ಸಿಗರೇಟು ಹೊತ್ತಿಸಿದನೆಂದೂ, ಆ ಹೊಗೆ ಉಪಕರಣದತ್ತ ತೇಲಿಹೋದೊಡನೆ ಮುಳ್ಳು ಕೆಳಗಿಳಿಯಿತೆಂದೂ ಹೇಳುತ್ತಾರೆ. ಆ ಕ್ಷೀಣ ಪ್ರವಾಹದ ಏರಿಳಿತವನ್ನು ಗಂಟೆ ಬಾರಿಸುವಷ್ಟು ವರ್ಧಿಸಬಲ್ಲ ಶೀತಲ ಋಣಧ್ರುವದ ಕೊಳವೆಯನ್ನು ಕಂಡುಹಿಡಿದವನು ಆತನ ಸಹೋದ್ಯೋಗಿ ಎರ್ನ್ಸ್ಟ್ ಮೈಲಿ. ಇಬ್ಬರೂ ಸೇರಿ 1941ರಲ್ಲಿ ಬಾಡ್ ರಗಾಟ್ಸ್ ಎಂಬ ಊರಿನಲ್ಲಿ ಸ್ಥಾಪಿಸಿದ ಸಂಸ್ಥೆಗೆ ಸರ್ಬರಸ್ ಎಂದು ಹೆಸರಿಟ್ಟರು; ಗ್ರೀಕ್ ಪುರಾಣದಲ್ಲಿ ಪ್ರೇತಲೋಕದ ಬಾಗಿಲನ್ನು ಕಾಯುವ ಮೂರು ತಲೆಯ ನಾಯಿಯ ಹೆಸರದು. ಯಮನ ದಾರಿಯನ್ನು ಕಾಯುವ ನಾಲ್ಕು ಕಣ್ಣಿನ ಎರಡು ನಾಯಿಗಳು ನಮ್ಮ ಋಗ್ವೇದದಲ್ಲಿಯೂ ಇವೆ. ಮೃತ್ಯುವಿನ ಬಾಗಿಲಲ್ಲಿ ನಿದ್ದೆಯಿಲ್ಲದ ಪ್ರಾಣಿಯೊಂದನ್ನು ನಿಲ್ಲಿಸಬೇಕೆಂಬ ಭಾವನೆ ಅಷ್ಟು ದೂರದ ಎರಡು ಜನಾಂಗಗಳಿಗೂ ಹೊಳೆದಿದ್ದಿತೆಂಬುದು ಮನಸ್ಸನ್ನು ತಡೆದುನಿಲ್ಲಿಸುವ ಸಂಗತಿ.

ಆದರೂ ಸರ್ಬರಸ್ಸಿನ ಯಂತ್ರಗಳು ದುಬಾರಿಯಾಗಿದ್ದವು. ಅವು ಹೋಗಿ ಸೇರಿದುದು ಕಾರ್ಖಾನೆಗಳನ್ನೂ ದೊಡ್ಡ ಸಂಸ್ಥೆಗಳ ಕಟ್ಟಡಗಳನ್ನೂ. ಮನೆಗೆ ಬರಲು ಇನ್ನೆರಡು ಅನುಕೂಲಗಳು ಕೂಡಿಬರಬೇಕಾಗಿದ್ದಿತು. ಮೊದಲನೆಯದು ಅಗ್ಗವಾದ ವಿಕಿರಣಮೂಲ. ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಯುದ್ಧಕಾಲದ ರಹಸ್ಯ ಸಂಶೋಧನೆಯಲ್ಲಿ 1944ರಲ್ಲಿ ಪಡೆದ, 95ನೆಯ ಮೂಲವಸ್ತುವಾದ ಅಮೆರಿಸಿಯಂ ಈ ಕೆಲಸಕ್ಕೆ ಒದಗಿತು. 1945ರ ನವೆಂಬರಿನಲ್ಲಿ ಸೀಬೋರ್ಗನು ಈ ಶೋಧದ ಗುಟ್ಟನ್ನು ಮೊದಲು ಬಿಟ್ಟುಕೊಟ್ಟದ್ದು ಯಾವ ವಿದ್ವತ್ಸಭೆಯಲ್ಲಿಯೂ ಅಲ್ಲ, ಮಕ್ಕಳ ರೇಡಿಯೋ ಕಾರ್ಯಕ್ರಮವೊಂದರಲ್ಲಿ, ಬಾಲಕನೊಬ್ಬನ ಪ್ರಶ್ನೆಗೆ ಉತ್ತರವಾಗಿ. ಅಮೆರಿಸಿಯಂ 241ರ ಅರ್ಧಾಯುಷ್ಯ 432 ವರ್ಷ. ಒಂದು ಶೋಧಕಕ್ಕೆ ಬೇಕಾಗುವುದು ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಮೆ. ಅದರ ಆಲ್ಫಾ ಕಿರಣಗಳನ್ನು ಒಂದು ಕಾಗದದ ಹಾಳೆ ತಡೆಯಬಲ್ಲದು. 1962ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗವು ಅದರ ಆಕ್ಸೈಡನ್ನು ಗ್ರಾಮಿಗೆ 1,500 ಡಾಲರಿನಂತೆ ಮಾರಾಟಕ್ಕಿಟ್ಟಿತು. ಎರಡನೆಯ ಅನುಕೂಲ ಬ್ಯಾಟರಿಯಿಂದ ನಡೆಯುವ ರಚನೆ. ಕೊಲೊರಾಡೊ ರಾಜ್ಯದ ಡ್ಯುವೇನ್ ಪಿಯರ್ಸಾಲ್ ಎಂಬ ಉದ್ಯಮಿ, ಸ್ಥಿರವಿದ್ಯುತ್ತನ್ನು ನಿವಾರಿಸಲು ಗಾಳಿಯಲ್ಲಿ ಅಯಾನುಗಳನ್ನು ಹರಡುವ ಯಂತ್ರವನ್ನು ತಯಾರಿಸುತ್ತಿದ್ದಾಗ, ನೌಕರನೊಬ್ಬನ ಸಿಗರೇಟಿನ ಹೊಗೆ ತಾಗಿ ಅಯಾನುಮಾಪಕದ ಮುಳ್ಳು ಬಿದ್ದುದನ್ನು ಕಂಡನಂತೆ. ಕಾಲು ಶತಮಾನದ ಅಂತರದಲ್ಲಿ ಎರಡು ಖಂಡಗಳಲ್ಲಿ ಒಂದೇ ಆಕಸ್ಮಿಕ! ಸ್ಟಾನ್ಲಿ ಪೀಟರ್ಸನ್ ಎಂಬವನೊಡಗೂಡಿ ಆತನು 1965ರ ಸುಮಾರಿಗೆ ಬ್ಯಾಟರಿಯ ಹೊಗೆಶೋಧಕವನ್ನು ರೂಪಿಸಿದನು. ಒಂದು ದಶಕದ ಬಳಿಕ ಅದು ಭಾರಿ ಪ್ರಮಾಣದಲ್ಲಿ ತಯಾರಾಗಿ, ಸಾಮಾನ್ಯ ಗೃಹಸ್ಥನ ಕೈಗೆಟುಕಿತು.

ಅದೇ ದಶಕದಲ್ಲಿ ಅಮೆರಿಕದ ಸರಕಾರವೂ ಕಣ್ತೆರೆದಿದ್ದಿತು. 1973ರಲ್ಲಿ ರಾಷ್ಟ್ರೀಯ ಆಯೋಗವೊಂದು ಪ್ರಕಟಿಸಿದ ‘ಅಮೆರಿಕ ಬರ್ನಿಂಗ್’ ಎಂಬ ವರದಿಯು, ಆ ಶ್ರೀಮಂತ ದೇಶದಲ್ಲಿ ವರ್ಷಕ್ಕೆ ಸುಮಾರು 12,000 ಮಂದಿ ಬೆಂಕಿಗೆ ಬಲಿಯಾಗುತ್ತಿದ್ದಾರೆಂದು ಅಂದಾಜು ಮಾಡಿ, ಮನೆಗಳಲ್ಲಿ ಮುನ್ನೆಚ್ಚರಿಕೆಯ ಶೋಧಕಗಳು ಬೇಕೆಂದು ಒತ್ತಿ ಹೇಳಿತು. ಯಾವ ಶೋಧಕ, ಎಲ್ಲಿ, ಎಷ್ಟು ಎಂಬ ಪ್ರಶ್ನೆಗಳಿಗೆ ವಾದದಿಂದಲ್ಲದೆ ಪ್ರಯೋಗದಿಂದ ಉತ್ತರ ದೊರೆತುದು 1970ರ ದಶಕದ ನಡುವೆ. ಮಿಚಿಗನ್ ಸರೋವರದ ದಂಡೆಯ ಇಂಡಿಯಾನಾ ಡ್ಯೂನ್ಸ್ ಎಂಬ ಮರಳದಿಣ್ಣೆಗಳ ಪ್ರದೇಶದಲ್ಲಿ ಉದ್ಯಾನಕ್ಕಾಗಿ ಕೆಡವಲಿದ್ದ ನಿಜವಾದ ಮನೆಗಳನ್ನು ಪಡೆದುಕೊಂಡು, ಅವುಗಳೊಳಗೆ ಹಾಸಿಗೆ ಸೋಫಾಗಳಿಗೆ ಬೇಕೆಂದೇ ಬೆಂಕಿಯಿಟ್ಟು, ಅದು ಕಮರುವುದನ್ನೂ ಧಗಧಗಿಸುವುದನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ಪ್ರತಿ ಶೋಧಕವು ಕೂಗಿದ ಗಳಿಗೆಯನ್ನು ವಿಜ್ಞಾನಿಗಳು ದಾಖಲಿಸಿದರು. ಶಾಖಶೋಧಕಗಳು ತಡವಾಗಿ ಕೂಗಿದವು. ಹೊಗೆಶೋಧಕಗಳು, ಮನೆಯ ಪ್ರತಿ ಅಂತಸ್ತಿನಲ್ಲಿಯೂ ಇದ್ದಲ್ಲಿ, ಬಹುತೇಕ ಸಂದರ್ಭಗಳಲ್ಲಿ ಹೊರಬರುವುದಕ್ಕೆ ಸಾಕಾಗುವಷ್ಟು ಕಾಲವನ್ನು ಕೊಟ್ಟವು. ಸರಕಿನ ಕಾವಲು ಮನುಷ್ಯನ ಕಾವಲಾಗಿ ಮಾರ್ಪಟ್ಟದ್ದು ಯಾವಾಗ ಎಂದು ಯಾರಾದರೂ ಕೇಳಿದರೆ, ಆ ಮರಳದಿಣ್ಣೆಗಳ ಪಾಳುಮನೆಗಳನ್ನು ನಾನು ತೋರಿಸುತ್ತೇನೆ. ದಶಕದ ಆರಂಭದಲ್ಲಿ ಅಮೆರಿಕದ ಹತ್ತು ಮನೆಗಳಲ್ಲಿ ಒಂದರಲ್ಲಿಯೂ ಇಲ್ಲದಿದ್ದ ಹೊಗೆಶೋಧಕವು ಶತಮಾನದ ಕೊನೆಗೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮನೆಗಳಲ್ಲಿ ನೆಲಸಿದ್ದಿತು. ಮನೆಬೆಂಕಿಯ ಸಾವುಗಳು ಅರ್ಧದಷ್ಟಕ್ಕೆ ಇಳಿದಿದ್ದವು.

ಈ ಹೊತ್ತಿಗೆ ಹೊಗೆಯನ್ನರಿಯುವ ಎರಡನೆಯ ವಿಧಾನವೂ ಮನೆಯನ್ನು ಪ್ರವೇಶಿಸಿದ್ದಿತು. ಕತ್ತಲೆಯ ಗೂಡೊಂದರಲ್ಲಿ ಬೆಳಕಿನ ಕಿರಣವೊಂದು ಹಾಯುತ್ತಿರುತ್ತದೆ. ಅದರ ದಾರಿಗೆ ಓರೆಯಾಗಿ ಬೆಳಕನ್ನರಿಯುವ ಕಣ್ಣೊಂದು ಕುಳಿತಿರುತ್ತದೆ. ಗಾಳಿ ನಿರ್ಮಲವಾಗಿರುವವರೆಗೆ ಆ ಕಣ್ಣಿಗೆ ಏನೂ ಕಾಣದು, ಹೊಗೆ ಒಳಹೊಕ್ಕಾಗ ಅದರ ಕಣಗಳಿಂದ ಚದುರಿದ ಬೆಳಕು ಕಣ್ಣನ್ನು ತಾಗಿ ಅಲಾರಂ ಮೊಳಗುತ್ತದೆ. ಬೆಳಗಿನ ಹೊತ್ತು ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಮಿನುಗುವುದನ್ನು ಕಂಡವರಿಗೆ ಇದರ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಯೇಗರನ ಅಯಾನು ವಿಧಾನವು ಧಗ್ಗನೆ ಉರಿಯುವ ಬೆಂಕಿಯ ಸೂಕ್ಷ್ಮ ಕಣಗಳನ್ನು ಬೇಗ ಹಿಡಿಯುತ್ತದೆ. ಬೆಳಕನ್ನವಲಂಬಿಸಿದ ಈ ದ್ಯುತಿ ವಿಧಾನವು ಕಮರುವ ಬೆಂಕಿಯ ದಪ್ಪ ಕಣಗಳನ್ನು ಬೇಗ ಹಿಡಿಯುತ್ತದೆ. ಕಮರುವ ಬೆಂಕಿಯಲ್ಲಿ ಇವೆರಡೂ ಕೂಗುವ ಗಳಿಗೆಗಳ ಅಂತರವು ಹತ್ತಾರು ನಿಮಿಷಗಳಷ್ಟಿರಬಹುದು, ಮತ್ತು ಮಲಗಿದವರನ್ನು ಕೊಲ್ಲುವ ಬೆಂಕಿಗಳಲ್ಲಿ ಕಮರುವ ಜಾತಿಯವು ಬಹಳ. ಅಯಾನು ಯಂತ್ರವು ಅಡುಗೆಯಲ್ಲಿ ಹುರಿಯುವಾಗಿನ ಹೊಗೆಗೆ ಸುಲಭವಾಗಿ ಕೂಗಿ ಮನೆಯವರ ತಾಳ್ಮೆಯನ್ನು ಕೆಡಿಸುವುದು ಅದರ ಇನ್ನೊಂದು ದೋಷ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯವು 2017ರಿಂದ ದ್ಯುತಿ ಶೋಧಕಗಳನ್ನೇ ಕಡ್ಡಾಯಗೊಳಿಸುತ್ತ ಬಂದು, 2027ರ ಆರಂಭಕ್ಕೆ ಪ್ರತಿ ಮನೆಯ ಪ್ರತಿ ಮಲಗುವ ಕೋಣೆಯಲ್ಲಿಯೂ ಒಂದಕ್ಕೊಂದು ಜೋಡಿಸಿದ ಇಂಥ ಶೋಧಕಗಳಿರಬೇಕೆಂದು ವಿಧಿಸಿರುವುದು ಈ ಅನುಭವದ ಫಲ. ಮನೆಗೆ ಒಂದೇ ಜಾತಿಯದನ್ನು ಆರಿಸಬೇಕಾದಲ್ಲಿ ದ್ಯುತಿ ಶೋಧಕವನ್ನೇ ಆರಿಸತಕ್ಕದ್ದೆಂಬುದು ನನ್ನ ಅಭಿಪ್ರಾಯ. ಎರಡೂ ವಿಧಾನಗಳ ಗುಣಗಳನ್ನು ಕೂಡಿಸಿ ತೂಗಿನೋಡುವ ಹೊಸ ಯಂತ್ರಗಳು ದೊರೆತರೆ ಮತ್ತೂ ಒಳ್ಳೆಯದು.

ಕಾಲವು ಇನ್ನೊಂದು ಬಗೆಯಲ್ಲಿಯೂ ಬದಲಾಗಿದೆ. ಡ್ಯೂನ್ಸ್ ಪರೀಕ್ಷೆಗಳನ್ನು ಈ ಶತಮಾನದ ಆರಂಭದಲ್ಲಿ ಅಮೆರಿಕದ ರಾಷ್ಟ್ರೀಯ ಪ್ರಮಾಣ ಸಂಸ್ಥೆಯು ಹೊಸ ಪೀಠೋಪಕರಣಗಳಿಂದ ಮತ್ತೆ ನಡೆಸಿ ನೋಡಿತು. 1970ರ ದಶಕದಲ್ಲಿ ಧಗಧಗಿಸುವ ಬೆಂಕಿಯಿಂದ ಪಾರಾಗಲು ಸುಮಾರು 17 ನಿಮಿಷಗಳಿದ್ದಲ್ಲಿ ಈಗ ಉಳಿದಿರುವುದು ಸುಮಾರು 3 ನಿಮಿಷ. ಹತ್ತಿ, ನಾರು, ಮರಗಳ ಸ್ಥಾನಕ್ಕೆ ಬಂದ ಪಾಲಿಯುರಿಥೇನ್ ಫೋಮು ಅಷ್ಟು ವೇಗವಾಗಿ ಉರಿಯುತ್ತದೆ. ಪ್ರಮಾಣಸೂತ್ರಗಳು ಇದನ್ನು ಅನುಸರಿಸಿ ತಿದ್ದುಪಡಿಗೊಂಡು, ಶೋಧಕವು ಉರಿಯುವ ಫೋಮನ್ನೂ ಕಮರುವ ಫೋಮನ್ನೂ ಬೇಗ ಗುರುತಿಸುತ್ತದೆಯೇ, ಬಾಣಲೆಯ ಹೊಗೆಗೆ ಸುಮ್ಮನಿರುತ್ತದೆಯೇ ಎಂಬ ಪರೀಕ್ಷೆಗಳನ್ನು ಈಚೆಗೆ ಸೇರಿಸಿಕೊಂಡಿವೆ.

ಕನ್ನಡದ ಮನೆಗೆ ಇವನ್ನು ಹೇಗೆ ಹೊಂದಿಸಿಕೊಳ್ಳಬೇಕು? ನಮ್ಮ ಅಡುಗೆಮನೆಯಲ್ಲಿ ದಿನಕ್ಕೆರಡು ಬಾರಿ ಸಾಸಿವೆ ಸಿಡಿದು ಒಣಮೆಣಸಿನಕಾಯಿ ಕಮರುತ್ತದೆ; ದೇವರ ಕೋಣೆಯಲ್ಲಿ ಊದುಬತ್ತಿ, ಧೂಪ, ಕರ್ಪೂರ; ಗೃಹಪ್ರವೇಶದ ದಿನ ಹೋಮ. ಬೆಂಗಳೂರಿನ ಬಹುಮಹಡಿಯ ವಸತಿಗಳಲ್ಲಿರಲಿ, ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಲ್ಲಿರಲಿ, ಇಂಥ ಹೊಗೆಗೆ ಹೊಗೆಶೋಧಕವು ಕೂಗುವುದು ಅದರ ತಪ್ಪಲ್ಲ, ಅದನ್ನು ಅಲ್ಲಿರಿಸಿದವರದು. ಅಡುಗೆಮನೆಗೂ ಗ್ಯಾರೇಜಿಗೂ ಹಳೆಯ ಶಾಖಶೋಧಕವೇ ತಕ್ಕದ್ದು; ಗಿರಣಿಗೆಂದು ಹುಟ್ಟಿದ ಆ ಯಂತ್ರಕ್ಕೆ ಮನೆಯಲ್ಲಿ ಉಳಿದಿರುವ ಯೋಗ್ಯಸ್ಥಾನ ಅದು. ಹೊಗೆಶೋಧಕವು ಒಲೆಯಿಂದ ಕನಿಷ್ಠ 3 ಮೀಟರಾದರೂ ದೂರವಿರಲಿ, ಆದರೆ ಪ್ರತಿ ಮಲಗುವ ಕೋಣೆಯೊಳಗೂ, ಅವುಗಳ ಮುಂದಿನ ನಡೆಯಲ್ಲಿಯೂ, ಪ್ರತಿ ಅಂತಸ್ತಿನಲ್ಲಿಯೂ ಇರಲಿ; ದೇವರ ಕೋಣೆಯಲ್ಲಿ ಮಾತ್ರ ಬೇಡ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡಾಗ, ಹಾಡುಹಗಲಿನಲ್ಲಿ, ಎಚ್ಚರವಾಗಿದ್ದವರನ್ನೇ ದಿಕ್ಕುಗೆಡಿಸಿ ಕೊಂದುದು ಹೊಗೆ ಎಂಬುದನ್ನು ನಮ್ಮ ಊರು ಕಣ್ಣಾರೆ ಕಂಡಿದೆ. ಇರುಳಿನಲ್ಲಿ ಮಲಗಿದವರ ವಿಷಯದಲ್ಲಿ ಅದು ಏನು ಮಾಡಬಹುದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ದೂರನಿಗಾ ಕೇಂದ್ರಕ್ಕೆ ಜೋಡಿಸಿದ ಅಲಾರಂ ಹಾಕಿಸಿಕೊಳ್ಳುವವರಿಗೆ ಇನ್ನೆರಡು ಮಾತು ಅಗತ್ಯ. ಕಳ್ಳರ ಅಲಾರಮನ್ನು ಮನೆಯವರು ಇದ್ದಾಗ ನಿಲ್ಲಿಸಿ, ಹೊರಟಾಗ ಹೂಡುತ್ತಾರೆ. ಬೆಂಕಿಯ ಶೋಧಕವು ಹೂಡಿದ್ದರೂ ಬಿಟ್ಟರೂ ಇಪ್ಪತ್ತನಾಲ್ಕು ಗಂಟೆಯೂ ಎಚ್ಚರವಾಗಿರುವಂತೆ ಪೆಟ್ಟಿಗೆಯಲ್ಲಿ ಪ್ರತ್ಯೇಕ ವಲಯವಾಗಿ ಜೋಡಣೆಯಾಗಿರಬೇಕು, ಕರೆಂಟು ಹೋದರೂ ಒಂದು ದಿನವಾದರೂ ನಡೆಯುವ ಬ್ಯಾಟರಿ ಇರಬೇಕು, ಆ ಶೋಧಕದ ಮೂರು ಮೂರು ಸದ್ದಿನ ಕೂಗು ಕಳ್ಳರ ಸೈರನ್ನಿಗಿಂತ ಬೇರೆಯೆಂದು ಮನೆಯ ಮಕ್ಕಳಿಗೂ ಗೊತ್ತಿರಬೇಕು. ಇದಕ್ಕಿಂತ ದೊಡ್ಡ ಮಾತೆಂದರೆ, ನಿಗಾ ಕೇಂದ್ರವು ಎಚ್ಚರಿಕೆಗೆ ಬದಲಿಯಲ್ಲ. ಸಂಕೇತವು ಕೇಂದ್ರಕ್ಕೆ ಮುಟ್ಟಿ, ಅಲ್ಲಿಯವರು ದೂರವಾಣಿಯಲ್ಲಿ ವಿಚಾರಿಸಿ, ಅಗ್ನಿಶಾಮಕ ದಳಕ್ಕೆ ತಿಳಿಸಿ, ವಾಹನ ಬಾಗಿಲಿಗೆ ಬರುವುದು ಮೂರು ನಿಮಿಷದಲ್ಲಿ ಆಗತಕ್ಕ ಕಾರ್ಯವಲ್ಲ. ಚಾನಿಂಗ್ ಮತ್ತು ಕ್ಯಾಲಹನ್ನರ ಕಾಲದಿಂದಲೂ ಕೇಂದ್ರವು ಉಳಿಸುತ್ತ ಬಂದಿರುವುದು ಮುಖ್ಯವಾಗಿ ಮನೆಯನ್ನು. ಮನೆಯವರನ್ನು ಉಳಿಸತಕ್ಕದ್ದು ಒಂದು ಕೋಣೆಯಲ್ಲಿ ಹೊಗೆ ಕಂಡೊಡನೆ ಎಲ್ಲ ಕೋಣೆಗಳಲ್ಲಿಯೂ ಒಟ್ಟಿಗೆ ಕೂಗುವ ಶೋಧಕಗಳು. ಸಾಮಾನ್ಯ ಅಲಾರಮಿನ 3,100 ಹರ್ಟ್ಸ್‌ನ ಕೀರಲು ದನಿಗೆ ಏಳದ ಮಕ್ಕಳೂ, ಅದು ಕಿವಿಗೇ ಬೀಳದ ಮುದುಕರೂ 520 ಹರ್ಟ್ಸ್‌ನ ತಗ್ಗಿದ ದನಿಗೆ ಹೆಚ್ಚಾಗಿ ಏಳುತ್ತಾರೆಂದು ನಿದ್ರೆಯ ಪ್ರಯೋಗಗಳಿಂದ ತಿಳಿದುಬಂದಿದೆ. ಅಜ್ಜ ಅಜ್ಜಿ ಮೊಮ್ಮಕ್ಕಳು ಮಲಗುವ ಕೋಣೆಗಳಿಗೆ ಅಂಥದನ್ನು ಕೇಳಿ ಹಾಕಿಸಬೇಕು. ಹೊಗೆಶೋಧಕದ ಆಯುಷ್ಯ ಹತ್ತು ವರ್ಷ. ಅದರ ಹಿಂಬದಿಯಲ್ಲಿ ತಯಾರಿಕೆಯ ದಿನಾಂಕವನ್ನು ಅಚ್ಚುಹಾಕಿರುತ್ತಾರೆ. ಓದುಗರು ಇಂದು ರಾತ್ರಿ ಮಲಗುವ ಮುನ್ನ ಅದನ್ನು ಕೆಳಗಿಳಿಸಿ ಆ ದಿನಾಂಕವನ್ನು ನೋಡಿಕೊಳ್ಳಬೇಕೆಂದೂ, ಹತ್ತು ವರ್ಷ ಮೀರಿದ್ದರೆ ನಾಳೆಯೇ ಹೊಸದನ್ನು ತರಬೇಕೆಂದೂ ಬೇಡಿಕೊಳ್ಳುತ್ತೇನೆ.